ಚಳ್ಳಕೆರೆ ಎಣ್ಣೆ, ಡಯಾಟಮ್ ಎಣ್ಣೆ: ಒಂದು ಬಿಕಾಂ ಲೆಕ್ಕ

1/5
ಮೊನ್ನೆ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಬಂತು. "ಪಾಚಿಯಿಂದ ಪೆಟ್ರೋಲ್! ಇನ್ಮೇಲೆ ಬಂಕ್ ಕಡೆ ತಲೆನೂ ಹಾಕಬೇಡಿ!" ಮೂವತ್ತು ಸೆಕೆಂಡ್ ಅಷ್ಟೇ. ಎಲ್ಲರೂ ಬೆಂಕಿ ಎಮೋಜಿ ಹಾಕಿದ್ರು, ನಾನೂ ಹಾಕಿದೆ 🔥. ಸಂಜೆ ಮನೇಲಿ ಅಜ್ಜನಿಗೆ ತೋರಿಸಿದೆ. ಅಜ್ಜ ಒಂದೇ ಪ್ರಶ್ನೆ ಕೇಳಿದ್ರು: "ಒಂದು ಕ್ವಿಂಟಲ್ ಹಾಕಿದ್ರೆ ಎಷ್ಟು ಎಣ್ಣೆ ಬೀಳ್ತೈತವ್ವ?"

ಅಜ್ಜ ಊರಿನ ಒಂದು ಎಣ್ಣೆ ಮಿಲ್ಲಲ್ಲಿ ಹಮಾಲಿ ಮಾಡಿದೋರು. ಶೇಂಗಾ ಮೂಟೆ ಹೊತ್ತು ಹೊತ್ತು ಅವರ ಎಡ ಭುಜ ಇವತ್ತಿಗೂ ಸ್ವಲ್ಪ ಕೆಳಗಿದೆ. ಚಳ್ಳಕೆರೆಗೆ ಎಣ್ಣೆ ನಗರ, ಎರಡನೇ ಮುಂಬೈ ಅಂತ ಹೆಸರಿದ್ದ ಕಾಲ ಅದು. ಆಮೇಲೆ ಮಳೆ ಕೈಕೊಡ್ತು, ಹೊರದೇಶದಿಂದ ಅಗ್ಗದ ಪಾಮ್ ಎಣ್ಣೆ ಬಂತು, ಒಂದೊಂದೇ ಮಿಲ್ಲಿನ ಸದ್ದು ನಿಂತೋಯ್ತು. ಇವತ್ತು ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಮದು.

ಅಜ್ಜನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ವಾರ ಕೂತು ಓದಿದೆ. ಸೈನ್ಸ್ ಓದ್ತಿರೋರು ತಪ್ಪಿದ್ರೆ ತಿದ್ದಿ, ಬೈಬೇಡಿ 🙏

2/5
ಕೆರೆ ಕಲ್ಲಿನ ಮೇಲೆ ಕಾಲಿಟ್ಟಾಗ ಜಾರುತ್ತಲ್ಲ, ಕಂದು ಬಣ್ಣದ ಲೋಳೆ? ಅದರಲ್ಲಿ ಡಯಾಟಮ್ ಇರುತ್ತೆ. ಒಂದೇ ಜೀವಕೋಶದ ಪಾಚಿ, ಕಣ್ಣಿಗೆ ಕಾಣಲ್ಲ. ಮೈಮೇಲೆ ಸಿಲಿಕಾದ ಚಿಪ್ಪು, ಅಂದ್ರೆ ಹೆಚ್ಚುಕಮ್ಮಿ ಗಾಜಿನ ಮನೆ. ಡಬ್ಬಿ ಮತ್ತು ಮುಚ್ಚಳದ ಥರ ಎರಡು ಭಾಗ.

ಇಷ್ಟು ಸಣ್ಣದು ಅಂತ ತಾತ್ಸಾರ ಮಾಡೋ ಹಾಗಿಲ್ಲ. ಭೂಮಿ ಮೇಲೆ ನಡೆಯೋ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಭಾಗ ಇದರದ್ದೇ. ನೀವು ತಗೊಳ್ಳೋ ಐದು ಉಸಿರಲ್ಲಿ ಒಂದು ಡಯಾಟಮ್ ಲೆಕ್ಕಕ್ಕೆ ಬರೆದುಕೊಳ್ಳಿ. ನೊಬೆಲ್ ಡೈನಮೈಟ್ ಮಾಡಿದ್ದು ಸತ್ತ ಡಯಾಟಮ್‌ಗಳ ಚಿಪ್ಪಿನ ಮಣ್ಣಿನಲ್ಲಿ ನೈಟ್ರೋಗ್ಲಿಸರಿನ್ ಹೀರಿಸಿ. ಈಗ ನಾವು ಸುಡ್ತಿರೋ ಪೆಟ್ರೋಲಿಯಂನಲ್ಲೂ ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳ ಸೇರಿದ ಇಂಥ ಪಾಚಿಗಳ ಪಾಲಿದೆ. ಅಂದ್ರೆ ರೀಲ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಡಯಾಟಮ್ ಎಣ್ಣೆ ಮಾಡುತ್ತೆ, ಅದು ನಿಜ.

3/5
ಯಾವಾಗ ಮಾಡುತ್ತೆ ಅನ್ನೋದರಲ್ಲೇ ಇಡೀ ಕಥೆ ಇರೋದು.

ಮೊಳಕಾಲ್ಮೂರು ಕಡೆ ಫ್ರೆಂಡ್ಸ್‌ಗೆ ಇದು ಬೇಗ ಅರ್ಥ ಆಗುತ್ತೆ. ರೇಷ್ಮೆ ಹುಳು ಸೊಪ್ಪು ತಿನ್ನುವಾಗ ಗೂಡು ಕಟ್ಟಲ್ಲ. ಹಣ್ಣಾಗಿ, ತಿನ್ನೋದು ನಿಲ್ಲಿಸಿ, ಚಂದ್ರಿಕೆ ಏರಿದ ಮೇಲೆ ಕಟ್ಟೋದು. ಡಯಾಟಮ್ ಕೂಡ ಹೆಚ್ಚುಕಮ್ಮಿ ಹಾಗೇ. ಊಟ ಚೆನ್ನಾಗಿದ್ರೆ ಅದು ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಸಂಸಾರ ಬೆಳೆಸುತ್ತೆ. ನೀರಲ್ಲಿ ಸಿಲಿಕಾ ಮುಗೀತು ಅನ್ನಿ. ಹೊಸ ಚಿಪ್ಪು ಮಾಡೋಕಾಗಲ್ಲ, ಹಾಗಾಗಿ ಇಬ್ಭಾಗ ಆಗೋಕೂ ಆಗಲ್ಲ. ಆದರೆ ಬಿಸಿಲು ಬೀಳ್ತಾನೇ ಇದೆ, ಶಕ್ತಿ ಬರ್ತಾನೇ ಇದೆ. ಅದನ್ನ ಎಲ್ಲಿಡೋದು? ಕೊಬ್ಬಿನ ಹನಿ ಮಾಡಿ ಒಳಗೆ ಇಟ್ಟುಕೊಳ್ಳುತ್ತೆ. ಸಾರಜನಕ ಕಮ್ಮಿಯಾದ್ರೂ ಹೀಗೇ.

ತೊಂದರೆ ಗೊತ್ತಾಯ್ತಾ? ಹೊಟ್ಟೆ ತುಂಬಿಸಿದ್ರೆ ಸಂಖ್ಯೆ ಬೆಳೆಯುತ್ತೆ, ಎಣ್ಣೆ ಇಲ್ಲ. ಉಪವಾಸ ಕೆಡವಿದ್ರೆ ಎಣ್ಣೆ ಬರುತ್ತೆ, ಸಂಖ್ಯೆ ನಿಂತೋಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಮಾರ್ಜಿನ್ ಹೆಚ್ಚಿಸೋಕೆ ಹೋದ್ರೆ ಸೇಲ್ಸ್ ಬೀಳುತ್ತೆ.

ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದರ ಹಿಂದೆ ಬಿದ್ದಿತ್ತು. ಸುಮಾರು 3000 ಬಗೆಯ ಪಾಚಿ ಕೂಡಿಹಾಕಿ, ಸೋಸಿ ಸೋಸಿ 300ಕ್ಕೆ ಇಳಿಸಿದ್ರು. ಒಂದು ಡಯಾಟಮ್‌ನಲ್ಲಿ ಕೊಬ್ಬು ತಯಾರಿಸೋ ದಾರಿಯ ಮೊದಲ ಕಿಣ್ವವನ್ನ ಹೆಚ್ಚು ಮಾಡಿ ನೋಡಿದ್ರು. ಕಿಣ್ವ ಹೆಚ್ಚಾಯ್ತು, ಎಣ್ಣೆ ಹೆಚ್ಚಾಗಲಿಲ್ಲ! 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯವರು ಉಲ್ಟಾ ಯೋಚಿಸಿದ್ರು. ಕೊಬ್ಬು ಮಾಡೋದನ್ನ ಹೆಚ್ಚಿಸೋ ಬದಲು ಕೊಬ್ಬು ಕರಗಿಸೋ ಕಿಣ್ವವನ್ನ ತಗ್ಗಿಸಿದ್ರು. ಬೆಳವಣಿಗೆ ನಿಲ್ಲದೆ ಎಣ್ಣೆ ಹೆಚ್ಚಾಯ್ತು. ಆದಾಯ ಏರದಿದ್ರೆ ಖರ್ಚು ತಗ್ಗಿಸು ಅಂತ ನಮ್ಮ ಕಾಸ್ಟಿಂಗ್ ಸರ್ ಹೇಳೋದೂ ಇದನ್ನೇ ಅಲ್ವಾ 😅

4/5
ಈಗ ನಮ್ಮ ರಾಜ್ಯದ ವಿಷಯ. 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಟಿ.ವಿ. ರಾಮಚಂದ್ರ, ಅವರ ಜೊತೆಯವರು, ಕೆನಡಾದ ರಿಚರ್ಡ್ ಗಾರ್ಡನ್ ಸೇರಿ ಒಂದು ಪ್ರಬಂಧ ಬರೆದ್ರು. ಅವರ ಪ್ರಶ್ನೆ ನಂಗೆ ಬಹಳ ಇಷ್ಟ ಆಯ್ತು: ಡಯಾಟಮ್‌ನ ಹಿಂಡಿ ಸಾಯಿಸೋದ್ಯಾಕೆ, ಹಸು ಥರ ಕರೆಯೋಕೆ ಆಗಲ್ವಾ? ಸೋಲಾರ್ ಪ್ಯಾನಲ್ ಥರದ ಪೆಟ್ಟಿಗೆ, ಒಳಗೆ ಜೀವಂತ ಡಯಾಟಮ್, ಅದು ತಾನೇ ಎಣ್ಣೆ ಹೊರಗೆ ಬಿಡಬೇಕು. ಗೂಡನ್ನ ಬಿಸಿನೀರಿಗೆ ಹಾಕದೇ ನೂಲು ತೆಗೆದ ಹಾಗೆ. ಐಡಿಯಾ ಚೆಂದ. ಆದರೆ ಆ ಪ್ಯಾನಲ್ ಇವತ್ತಿಗೂ ಅಂಗಡಿಗೆ ಬಂದಿಲ್ಲ.

ಯಾಕೆ ಅಂತ ಅಜ್ಜನ ಪ್ರಶ್ನೆಯಿಂದಲೇ ನೋಡೋಣ. ತೆರೆದ ಕೊಳದಲ್ಲಿ ಬೆಳೆಸಿದ್ರೆ ಲೀಟರ್ ನೀರಿಗೆ ಅರ್ಧ ಗ್ರಾಂ ಒಣ ಪಾಚಿ, ಅದರಲ್ಲಿ ಕಾಲು ಭಾಗ ಎಣ್ಣೆ ಅಂತ ಇಟ್ಟುಕೊಳ್ಳಿ. ಒಂದು ಕ್ವಿಂಟಲ್ ಒಣ ಪಾಚಿಗೆ 25 ಕೆಜಿ ಎಣ್ಣೆ. ಪರವಾಗಿಲ್ಲ ಅನ್ಸುತ್ತೆ. ಆದರೆ ಆ ಒಂದು ಕ್ವಿಂಟಲ್ ಕೂಡಿಸೋಕೆ ಸೋಸಬೇಕಾದ ನೀರು 2 ಲಕ್ಷ ಲೀಟರ್! 5000 ಲೀಟರಿನ ಟ್ಯಾಂಕರ್ ಆದ್ರೆ 40 ಟ್ಯಾಂಕರ್. ಸೋಸೋಕೆ, ಒಣಗಿಸೋಕೆ ಕರೆಂಟ್ ಬೇರೆ. ಒಂದು ಕ್ವಿಂಟಲ್ ಶೇಂಗಾ ಬೀಜ ಮಿಲ್ಲಿಗೆ ಹಾಕಿದ್ರೆ ಸುಮಾರು 40 ಕೆಜಿ ಎಣ್ಣೆ, ಮೇಲೆ ದನಕ್ಕೆ ಹಿಂಡಿ.

ಡಯಾಟಮ್ ಪರವಾಗಿಯೂ ಹೇಳಬೇಕು. ಸೋಸಿದ ನೀರನ್ನ ಮತ್ತೆ ಬಳಸಬಹುದು. ಹೊಲ ಬೇಡ, ಉಪ್ಪು ನೀರೂ ಆಗುತ್ತೆ, ದಿನಗಳಲ್ಲಿ ಬೆಳೆಯುತ್ತೆ. ಆದರೂ ಎಕ್ಸಾನ್‌ಮೊಬಿಲ್‌ನಂಥ ಕಂಪನಿ 2009ರಲ್ಲಿ ಪಾಚಿ ಎಣ್ಣೆಗೆ ಕೈಹಾಕಿ 2023ರಲ್ಲಿ ಕೈಬಿಡ್ತು. ಅಷ್ಟು ದುಡ್ಡಿರೋರಿಗೇ ಲೆಕ್ಕ ಕೂಡಲಿಲ್ಲ.

5/5
ಹಂಗಾದ್ರೆ ಬಿಟ್ಟುಬಿಡೋಣ್ವಾ? ನಾನು ಹಾಗೆ ಹೇಳಲ್ಲ.

ನನ್ನ ಭಯ ಬೇರೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಬೆಳೆಸಿ ಡೀಸೆಲ್‌ಗೆ ಶೇ 20ರಷ್ಟು ಬೆರೆಸೋಣ ಅಂತು. ಆ ಗಾಳಿ ನಮ್ಮ ಕಡೆಗೂ ಬೀಸ್ತು. ಮೊಳಕಾಲ್ಮೂರು ತಾಲ್ಲೂಕಲ್ಲಿರೋ ನಮ್ಮ ಮಾವ ಎರಡು ಎಕರೆ ಶೇಂಗಾ ಹೊಲಕ್ಕೆ ಸಸಿ ಇಟ್ರು. ಬೀಜ ನಾವೇ ಕೊಳ್ತೀವಿ ಅಂದಿದ್ದೋರು ಫೋನ್ ಎತ್ತಲಿಲ್ಲ. ಗಿಡ ಕಿತ್ತು ಹಾಕೋಕೂ ಮಾವನೇ ಕೂಲಿ ಕೊಟ್ರು. ನಾಳೆ ಯಾರೋ ಟೈ ಹಾಕ್ಕೊಂಡು ಬಂದು "ಪಾಚಿ ಕೊಳ ಮಾಡ್ಸಿ ಅಣ್ಣಾ, ಎಣ್ಣೆ ನಾವೇ ಕೊಳ್ತೀವಿ" ಅಂದ್ರೆ ಮೊದಲು ಕೇಳಬೇಕಾಗಿರೋದು ಅಜ್ಜನ ಪ್ರಶ್ನೆ. ಅದಕ್ಕೇ ಇಷ್ಟುದ್ದ ಬರೆದೆ.

ಎರಡನೇದು. ಕುದಾಪುರದ ಹತ್ರ ಐಐಎಸ್‌ಸಿಗೆ 1500 ಎಕರೆ ಇದೆ. ಅದು ಅಮೃತ್ ಮಹಲ್ ಕಾವಲು, ನಮ್ಮೋರು ಕುರಿ ದನ ಮೇಯಿಸ್ತಿದ್ದ ಹುಲ್ಲುಗಾವಲು. ಅದಕ್ಕಾಗಿ ಹಸಿರು ನ್ಯಾಯಮಂಡಳಿವರೆಗೂ ಜಗಳ ಹೋಯ್ತು. ಜಾಗ ನಮ್ಮದು ಹೋಗಿದೆ, ವಿದ್ಯೆಯಾದ್ರೂ ನಮ್ಮ ಕಡೆ ಬರಲಿ ಅನ್ನೋದು ನನ್ನ ಅಭಿಪ್ರಾಯ. ಡಯಾಟಮ್ ಸಂಶೋಧನೆ ಖಂಡಿತ ನಡೀಲಿ. ಆದರೆ ಕುಡಿಯೋ ನೀರಲ್ಲಿ ಅಲ್ಲ, ಚರಂಡಿ ನೀರಲ್ಲಿ. ಮೇವಿನ ಜಾಗದಲ್ಲಿ ಅಲ್ಲ, ಮುಚ್ಚಿದ ಮಿಲ್ಲುಗಳ ಖಾಲಿ ಅಂಗಳದಲ್ಲಿ. ಡೀಸೆಲ್ ಬರೋದು ತಡ ಆಗಬಹುದು. ಕೆರೆ ನೀರು ಎಷ್ಟು ಕೆಟ್ಟಿದೆ ಅಂತ ಡಯಾಟಮ್ ನೋಡಿ ಹೇಳೋ ವಿಧಾನ ಈಗಲೇ ಇದೆ. ಒಂದು ಮೈಕ್ರೋಸ್ಕೋಪು, ನಮ್ಮ ಕಾಲೇಜಿನ ನಾಲ್ಕು ಹುಡುಗರು, ನಾಯಕನಹಟ್ಟಿ ಕೆರೆ. ಶುರು ಮಾಡೋಕೆ ಇಷ್ಟು ಸಾಕು.

ನಿನ್ನೆ ಅಜ್ಜನಿಗೆ ಉತ್ತರ ಹೇಳಿದೆ. "ಕ್ವಿಂಟಲಿಗೆ ಇಪ್ಪತ್ತೈದು ಕೆಜಿ ಅಜ್ಜ. ಆದ್ರೆ ನಲವತ್ತು ಟ್ಯಾಂಕರ್ ನೀರು ಸೋಸಬೇಕು." ಅಜ್ಜ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಕೇಳಿದ್ರು: "ಸೋಸೋ ಕೆಲಸಕ್ಕೆ ಆಳು ತಗೊಂತಾರಾ?"

ಈ ಪ್ರಶ್ನೆಗೆ ಉತ್ತರ ನನ್ನ ಹತ್ರ ಇಲ್ಲ. ನಿಮ್ಮ ಹತ್ರ ಇದ್ರೆ ಕಾಮೆಂಟಲ್ಲಿ ಹಾಕಿ. ಬೆಂಕಿ ಎಮೋಜಿ ಬೇಡ, ಲೆಕ್ಕ ಹಾಕಿ.

#ಚಳ್ಳಕೆರೆ #ಮೊಳಕಾಲ್ಮೂರು #ಡಯಾಟಮ್ #ಎಣ್ಣೆನಗರ #ಬಿಕಾಂಲೆಕ್ಕ