ಮದ್ದಿನ ವಿಷಕ್ಕೆ ಲವಣ ಮದ್ದೆ?

ನಮ್ಮ ಹಿರಿಯರು ಏಡಿಗಂತಿ ಎಂದು ಕರೆದ ಕ್ಯಾನ್ಸರ್ ರೋಗಕ್ಕೆ ಕೊಡುವ ಮದ್ದುಗಳಲ್ಲಿ ಅನೇಕವು ವಿಷಗಳೇ. ಶೀಘ್ರವಾಗಿ ವೃದ್ಧಿಹೊಂದುವ ಜೀವಕಣಗಳನ್ನು ಕೊಲ್ಲುವ ಈ ರಾಸಾಯನಿಕಗಳು ದೇಹದ ಆರೋಗ್ಯವಂತ ಅಂಗಗಳನ್ನೂ ಪೀಡಿಸದೆ ಬಿಡವು. ಈ ಪೀಡೆಯನ್ನು ಒಂದಿಷ್ಟು ಖನಿಜ ಲವಣದಿಂದ ತಗ್ಗಿಸಬಹುದಾದರೆ ಯಾರಿಗೆ ತಾನೆ ಬೇಡ? ಆದರೆ ಈ ಆಸೆಯನ್ನು ನಂಬುವ ಮುನ್ನ ಪರೀಕ್ಷೆಗೆ ಒಡ್ಡಬೇಕೆಂಬುದು ನಮ್ಮ ಅಭಿಪ್ರಾಯ. ಮೆಗ್ನೀಸಿಯಂ ಎಂಬ ಒಂದೇ ಧಾತುವಿನ ಎರಡು ವೃತ್ತಾಂತಗಳನ್ನು ಇಲ್ಲಿ ನೋಡೋಣ.

ಪ್ಲಾಟಿನಂ ಲೋಹವನ್ನೊಳಗೊಂಡ ಸಿಸ್‌ಪ್ಲಾಟಿನ್ ಎಂಬ ಮದ್ದು 1978ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಅದು ಮೂತ್ರಪಿಂಡದ ಸೂಕ್ಷ್ಮನಾಳಗಳನ್ನು ಕೆಡಿಸುತ್ತದೆ. ಕೆಟ್ಟ ನಾಳಗಳು ಮೆಗ್ನೀಸಿಯಮನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಹರಿಯಬಿಡುತ್ತವೆ. ಮೆಗ್ನೀಸಿಯಂ ಕಡಿಮೆಯಾದಂತೆ ಮೂತ್ರಪಿಂಡದ ಹಾನಿಯು ಇನ್ನೂ ಹೆಚ್ಚುತ್ತದೆ. ಆದುದರಿಂದ ವೈದ್ಯರು ಉಪ್ಪುನೀರಿನೊಡನೆ ಮೆಗ್ನೀಸಿಯಂ ಲವಣವನ್ನೂ ರಕ್ತನಾಳಕ್ಕೆ ಹರಿಸುವುದುಂಟು. ಇದರಿಂದ ಮೂತ್ರಪಿಂಡಕ್ಕೆ ರಕ್ಷಣೆ ದೊರೆಯುವುದೆಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

ಸಿಸ್‌ಪ್ಲಾಟಿನ್ನಿನ ದಾಯಾದಿಯೇ ಆಕ್ಸಾಲಿಪ್ಲಾಟಿನ್. ದೊಡ್ಡಕರುಳಿನ ಕ್ಯಾನ್ಸರಿಗೆ ಕೊಡುವ ಈ ಮದ್ದು ನರಗಳನ್ನು ಪೀಡಿಸುತ್ತದೆ: ಕೈಕಾಲುಗಳ ಬೆರಳುಗಳು ಜೋಮು ಹಿಡಿಯುತ್ತವೆ, ತಣ್ಣೀರಿನ ಲೋಟವನ್ನು ಮುಟ್ಟುವುದೂ ಕಷ್ಟವಾಗುತ್ತದೆ. ಮದ್ದಿನಿಂದ ಬಿಡುಗಡೆಯಾದ ಆಕ್ಸಲೇಟು ಕ್ಯಾಲ್ಸಿಯಮನ್ನು ಸೆರೆಹಿಡಿಯುವುದೇ ಇದಕ್ಕೆ ಕಾರಣವಿರಬೇಕೆಂದು ಊಹಿಸಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ವೈದ್ಯರು ಕೊಡತೊಡಗಿದರು. ಲವಣ ಪಡೆದವರಲ್ಲಿ ಬಾಧೆ ಕಡಿಮೆಯೆಂದು 2004ರಲ್ಲಿ ಫ್ರಾನ್ಸಿನ ವರದಿಯೊಂದು ತಿಳಿಸಿತು. ಆದರೆ ಅದು ಆಗಲೇ ಚಿಕಿತ್ಸೆ ಪಡೆದಿದ್ದವರ ದಾಖಲೆಗಳನ್ನು ಹೋಲಿಸಿ ಹಾಕಿದ ಲೆಕ್ಕ. ಮುಂದೆ, 2014ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 353 ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಯಾರಿಗೆ ಲವಣ, ಯಾರಿಗೆ ಬರಿಯ ದ್ರವ ಎಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಕೊನೆಗೆ ಲೆಕ್ಕ ತೆಗೆದಾಗ ನರಬಾಧೆ ತಗ್ಗಿಸುವಲ್ಲಿ ಲವಣದಿಂದ ಪ್ರಯೋಜನವೇನೂ ಕಾಣಲಿಲ್ಲ. ತರ್ಕವು ಒಪ್ಪುವಂತಿದ್ದರೂ ಪ್ರಯೋಗವು ಅದನ್ನು ಸಮರ್ಥಿಸಲಿಲ್ಲ.

ಖನಿಜಗಳು ಸ್ವಾಭಾವಿಕ, ಆದುದರಿಂದ ನಿರಪಾಯ ಎಂಬ ಮಾತು ಅಂಗಡಿಯ ಮಾತ್ರೆಗಳೊಡನೆ ಮನೆಗಳಿಗೂ ಬರುತ್ತಿದೆ. ಮೂತ್ರಪಿಂಡಗಳು ದುರ್ಬಲವಾಗಿರುವವರ ರಕ್ತದಲ್ಲಿ ಅದೇ ಮೆಗ್ನೀಸಿಯಂ ಮಿತಿಮೀರಿ ಸೇರಿಕೊಂಡರೆ ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ಆದುದರಿಂದ ರೋಗಿಯು ವೈದ್ಯರಿಗೆ ತಿಳಿಸದೆ ಇಂತಹ ಮಾತ್ರೆಗಳನ್ನು ನುಂಗಬಾರದು. ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಅವನ್ನು ತಂದುಕೊಟ್ಟಾಗ ವಿದ್ಯಾರ್ಥಿಗಳು ವಿನಯದಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಯಾವ ಮದ್ದಿನ ಬಾಧೆಗೆ? ಪ್ರಮಾಣವೆಷ್ಟು? ಇದನ್ನು ತೆಗೆದುಕೊಳ್ಳದವರೊಡನೆ ಹೋಲಿಸಿ ನೋಡಿದ್ದಾರೆಯೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ.