ನೋಡುವವರ ಎಣಿಕೆ

1987ರಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದಾಗ ಮನೆಗಳಿಗೆ ಬರುತ್ತಿದ್ದುದು ದೂರದರ್ಶನವೊಂದೇ. 1992ರಲ್ಲಿ ಝೀ, 1994ರಲ್ಲಿ ಉದಯ ಬಂದ ಮೇಲೆ ವೀಕ್ಷಕರು ಅತ್ತ ಸರಿದುದರಲ್ಲಿ ಸೋಜಿಗವಿಲ್ಲ. ಆದರೆ ನೋಡುವವರು ಕಡಿಮೆಯಾದರೆಂಬ ಮಾತ್ರಕ್ಕೆ ಅದು ನಿರರ್ಥಕವೆಂಬ ವಾದವನ್ನು ನಾವು ಒಪ್ಪಲಾರೆವು. ಜಾಹೀರಾತುದಾರನಿಗೆ ಬೇಕಾದುದು ಕೊಳ್ಳಬಲ್ಲವರ ಎಣಿಕೆ. 1967ರಲ್ಲಿ ‘ಕೃಷಿದರ್ಶನ’ ಆರಂಭಿಸಿದಾಗ ರೈತನ ಜೇಬನ್ನು ಯಾರೂ ತಡವಿ ನೋಡಲಿಲ್ಲ. ಚಂದನದ ‘ಥಟ್ ಅಂತ ಹೇಳಿ’ 2002ರಿಂದ ಪುಸ್ತಕಗಳನ್ನೇ ಬಹುಮಾನವಾಗಿ ಕೊಟ್ಟು (ಯಾವ ಖಾಸಗಿ ವಾಹಿನಿ ಇದಕ್ಕೆ ಧೈರ್ಯಮಾಡೀತು?) ಮನೆಮಂದಿಯನ್ನು ಒಟ್ಟಿಗೆ ಕೂರಿಸಿತು.

ಹಾಗೆಂದು ಸೇವೆಯ ಹೆಸರಿನಲ್ಲಿ ನೀರಸತೆಯನ್ನು ಸಮರ್ಥಿಸಲಾಗದು. ಅದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. 1997ರಲ್ಲಿ ಪ್ರಸಾರ ಭಾರತಿ ರಚನೆಯಾದುದು ಸ್ವಾಯತ್ತತೆಗಾಗಿ. ಅದರ ಹಣ ಬಹುಪಾಲು ಬರುವುದು ಕೇಂದ್ರದ ಅನುದಾನದಿಂದ, ಎಂದರೆ ನಮ್ಮೆಲ್ಲರ ತೆರಿಗೆಯಿಂದ. ಹೀಗಿರುವಲ್ಲಿ ವಾರ್ತೆಯ ತುಂಬ ಮಂತ್ರಿಗಳ ಉದ್ಘಾಟನೆಗಳೇ ಆದರೆ ಜನರು ಬೇರೆಡೆ ತಿರುಗದಿರುವರೇ?