ಗೃಹಾಲಂಕಾರ: ಸಣ್ಣ ಮನೆಯ ಗೋಡೆ

ಮನೆಯ ಅಲಂಕಾರವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಗೋಡೆಗೆ ತೂಗಹಾಕುವ ಪಟಗಳು. ಪಟವನ್ನು ಹೊತ್ತು ನಿಂತ ಗೋಡೆಯ ಕಡೆಗೆ ಕಣ್ಣು ಹಾಯುವುದು ಅಪರೂಪ. ಈ ತಿಂಗಳು ನಾವು ಆ ಗೋಡೆಯ ವಿಷಯವಾಗಿಯೇ ಕೆಲವು ಮಾತುಗಳನ್ನು ವಾಚಕರ ಮುಂದಿಡುವೆವು. ಅಂತರಗಂಗೆಯ ಬೆಟ್ಟದ ಸುತ್ತಿನಲ್ಲಿ ತೋಟದ ಮನೆ ಕಟ್ಟಿಸಿದವರಿಗೂ, ಚಿನ್ನದ ಗಣಿಯ ಲೈನಿನ ಸಣ್ಣ ಮನೆಯಲ್ಲಿ ಸಂಸಾರ ಹೂಡಿದವರಿಗೂ ಇವು ಸಮಾನವಾಗಿ ಸಲ್ಲತಕ್ಕ ಮಾತುಗಳು. ಗೋಡೆಯನ್ನು ಕಾಪಾಡುವ ಲೇಪವೇ ಅದರ ಮೊದಲನೆಯ ಅಲಂಕಾರವೆಂಬುದು ನಮ್ಮ ಅಭಿಪ್ರಾಯ.

ಕೋಲಾರದ ಚಿನ್ನದ ಗಣಿಗಳ ಕೆಲಸವು 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ ಬಲವಾಗಿ ಬೇರೂರಿತು. ತಮಿಳು, ತೆಲುಗು ಸೀಮೆಗಳಿಂದ ಸಹಸ್ರಾರು ಮಂದಿ ಕೂಲಿಗೆ ಬಂದರು. ದೊರೆಗಳಿಗೆ ಅಗಲವಾದ ಜಗಲಿಯ ಬಂಗಲೆಗಳಾದರೆ, ಕೂಲಿಕಾರರಿಗೆ ಮೊದಲಲ್ಲಿ ದೊರೆತವು ಬಿದಿರುತಟ್ಟಿಯ ಗೋಡೆಯ ಗುಡಿಸಲುಗಳು. ಗಟ್ಟಿ ಗೋಡೆಯ ಲೈನುಮನೆಗಳು ಅನಂತರ ಬಂದುವು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದರೂ ಮನೆ ಬಿಡದ ಕುಟುಂಬಗಳು ಲೈನುಗಳಲ್ಲಿ ಉಳಿದುವು. ಗೋಡೆ ಕೆಟ್ಟರೆ ಸರಿಪಡಿಸಲು ಕಂಪನಿಯ ಮೇಸ್ತ್ರಿ ಈಗ ಬರಲಾರನು, ಮನೆಯವರೇ ನೋಡಿಕೊಳ್ಳತಕ್ಕುದು.

ಇಂಥ ಹಳೆಯ ಗೋಡೆಗಳಿಗೆ ಮುಖ್ಯ ಶತ್ರುವು ತೇವ. ಮಣ್ಣಿನ ಗೋಡೆಯೂ ಸುಣ್ಣದ ಗಾರೆಯ ಗೋಡೆಯೂ ಮಳೆಗಾಲದಲ್ಲಿ ತೇವವನ್ನು ಹೀರಿ, ಬಿಸಿಲು ಬಂದಾಗ ಹೊರಕ್ಕೆ ಬಿಡುವುವು. ಅದರ ಮೇಲೆ ಎಣ್ಣೆಯ ಬಣ್ಣವನ್ನೋ ಸಿಮೆಂಟನ್ನೋ ಮೆತ್ತಿದರೆ ತೇವಕ್ಕೆ ಹೊರಬೀಳುವ ದಾರಿಯಿಲ್ಲ. ಒಂದೆರಡು ವರ್ಷ ಗೋಡೆ ಕನ್ನಡಿಯಂತೆ ಹೊಳೆಯುವುದು. ಆಮೇಲೆ ಬಣ್ಣವು ಗುಳ್ಳೆಯೆದ್ದು ಹಪ್ಪಳದಂತೆ ಉದುರುವುದು, ಅದರೊಡನೆ ಗಾರೆಯೂ ಬರುವುದು. ಸುಣ್ಣಕ್ಕೆ ಈ ದೋಷವಿಲ್ಲ. ಕೂದಲೆಳೆಯಂಥ ಬಿರುಕುಗಳನ್ನು ಮಳೆಯ ತೇವದಲ್ಲಿ ಕರಗಿದ ಸುಣ್ಣವು ಮೆಲ್ಲನೆ ತಾನೇ ತುಂಬುವುದೂ ಉಂಟು.

ಬಿರುಕಿನ ಮಾತು ಈ ಊರಿಗೆ ವಿಶೇಷವಾಗಿ ಸಲ್ಲುವುದು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗಿಂತಲೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದುವು. ಆದುದರಿಂದ ಅಗಲವಾದ ಬಿರುಕನ್ನು ಬಣ್ಣದಿಂದ ಮರೆಮಾಡಬಾರದು. ಅದರ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿಯನ್ನು ಬಿಗಿಯಾಗಿ ಅಂಟಿಸಿ ತಾರೀಖು ಬರೆದಿಡಿರಿ. ಕಾಗದ ಹರಿದರೆ ಬಿರುಕು ಬೆಳೆಯುತ್ತಿರುವುದೆಂದು ತಿಳಿದು, ಬಲ್ಲ ಮೇಸ್ತ್ರಿಗೆ ತೋರಿಸತಕ್ಕುದು. ಅಲಂಕಾರವು ಅನಂತರದ ಮಾತು.

ಇನ್ನೊಂದು ಎಚ್ಚರಿಕೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವವರಿಗೆ ಕಾಣುವ ಬೂದುಬಣ್ಣದ ಸೈನೈಡ್ ದಿಬ್ಬಗಳ ಮಣ್ಣು ಹಿಟ್ಟಿನಂತೆ ನಯವಾದುದು. ಪುಕ್ಕಟೆಯಾಗಿ ದೊರೆಯುವುದೆಂದು ಅದನ್ನು ಗಾರೆಗೆ ಬೆರೆಸುವ ಆಸೆ ಯಾರಿಗೂ ಬೇಡ. ಅದು ಚಿನ್ನ ತೆಗೆಯಲು ಅದಿರನ್ನು ಅರೆದು ಸೈನೈಡಿನಲ್ಲಿ ನೆನೆಸಿ ಬಿಟ್ಟ ಶೇಷ. ಅದು ಮಕ್ಕಳು ಕೈಯಾಡಿಸುವ ಗೋಡೆಗೆ ತಕ್ಕುದಲ್ಲ.

ಇನ್ನು ಸುಣ್ಣ ಬಳಿಯುವ ಕ್ರಮ. ಸುಟ್ಟ ಸುಣ್ಣವನ್ನು ಮಣ್ಣಿನ ಬಾನಿಯ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು; ಅದು ಕೊತಕೊತನೆ ಕುದಿಯುವುದರಿಂದ ಮಕ್ಕಳನ್ನು ದೂರವಿಟ್ಟು ಕಣ್ಣು ಕೈಗಳನ್ನು ಕಾಪಾಡಿಕೊಳ್ಳಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಉಪಯೋಗಿಸಬಾರದು, ಸುಣ್ಣ ಅದನ್ನು ತಿಂದುಬಿಡುವುದು. ಕೆಲವು ದಿನ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಗೋಡೆಯ ಧೂಳು ತೆಗೆದು ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಒಂದೇ ಸಲ ದಪ್ಪನಾಗಿ ಬಳಿದರೆ ಉದುರುವುದು. ಬಿದಿರುತಟ್ಟಿಗಾದರೆ ಮೊದಲು ಮಣ್ಣು ಸಗಣಿಗಳ ಲೇಪವಾಗಿ ಒಣಗಬೇಕು. ಕಲ್ಲುಚಪ್ಪಡಿಯ ಗೋಡೆಯುಳ್ಳವರು ಕಲ್ಲಿನ ಮೈಯನ್ನು ಹಾಗೆಯೇ ಬಿಟ್ಟು ಸಂದುಗಳಿಗೆ ಮಾತ್ರ ಸುಣ್ಣ ತುಂಬಿದರೂ ಚೆಂದವೇ.

ಬಣ್ಣಕ್ಕೆ ಕೆಮ್ಮಣ್ಣಿಗಿಂತ ಬೇರೆ ಬೇಡ. ಅರಿಸಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದನ್ನು ಆರತಿಯ ಓಕುಳಿ ಕದಡುವ ಗೃಹಿಣಿಯರೆಲ್ಲ ಬಲ್ಲರು. ಗಿಡಮೂಲಿಕೆಯ ಬಣ್ಣಗಳು ಸುಣ್ಣದ ಸಂಗದಲ್ಲಿ ನಿಲ್ಲಲಾರವು, ಮಣ್ಣಿನ ಬಣ್ಣಗಳು ನಿಲ್ಲುವುವು. ಪೊಂಗಲ್ ಹಬ್ಬಕ್ಕೆ ಸುಣ್ಣ ಬಳಿದು ಕಾವಿಯ ಪಟ್ಟೆ ಎಳೆಯುವವರು ಈ ಮರ್ಮವನ್ನು ಹಿಂದಿನಿಂದ ಅರಿತವರು. ಗೋಡೆಯ ಬುಡಕ್ಕೆ ಒಂದು ಮೊಳ ಎತ್ತರ ಕೆಮ್ಮಣ್ಣು ಸಾರಿಸಿದರೆ ಮಳೆಹನಿ ಸಿಡಿದ ಕಲೆ ಕಾಣದು, ನೋಟಕ್ಕೂ ಗಾಂಭೀರ್ಯ.

ಇನ್ನೂ ಚಿತ್ರ ಬೇಕೆನ್ನುವವರಿಗೆ ನಮ್ಮ ನಾಡಿನಲ್ಲಿಯೇ ಗುರುಗಳುಂಟು. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪನ್ನೂ ಹುರಿದ ಅಕ್ಕಿಯ ಕಪ್ಪನ್ನೂ ಪುಂಡಿನಾರಿನ ಕುಂಚದಲ್ಲಿ ಅದ್ದಿ ಹಸೆಚಿತ್ರ ಬರೆಯುವರು. ಗೋವೆಯಿಂದ ಕುಮಟೆಯವರೆಗಿನ ಕರಾವಳಿಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯನ್ನು ಲೇಪಿಸಿ, ಹಸಿಯಿರುವಾಗಲೇ ಕೊರೆದು ಒಳಗಿನ ಬಿಳುಪನ್ನು ತೋರಿಸುವ ಕಾವಿಕಲೆಯುಂಟು. ಸಣ್ಣ ಕೋಣೆಗೆ ನಾಲ್ಕೂ ಗೋಡೆ ಚಿತ್ರ ಬೇಡ; ಬಾಗಿಲ ಸುತ್ತಲೊಂದು ಅಂಚು ಅಥವಾ ದೀಪವಿಡುವ ಗೂಡಿನ ಸುತ್ತಲೊಂದು ಬಳ್ಳಿ ಸಾಕು. ಉಳಿದ ಬಿಳುಪು ಕಿಟಕಿಯ ಬೆಳಕನ್ನು ಮೂಲೆಗೂ ಹರಡುವುದು; ಒಂದೇ ಕಿಟಕಿಯ ಲೈನುಮನೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇದಕ್ಕೆ ಹಣಕ್ಕಿಂತ ಕೈಯ ಶ್ರಮವೇ ಹೆಚ್ಚು ಬೇಕು. ವರ್ಷಕ್ಕೊಮ್ಮೆ ಹಬ್ಬದ ಮುಂದೆ ಮನೆಮಂದಿಯೆಲ್ಲ ಕೂಡಿ ಮಾಡತಕ್ಕ ಕೆಲಸ. ಸುಣ್ಣ ಬಳಿಯುವ ದಿನ ಪಾತ್ರೆ ಪೆಟ್ಟಿಗೆಗಳೆಲ್ಲ ಹೊರಕ್ಕೆ ಬರುವುವು, ಗೋಡೆಯ ಬಿರುಕು, ಗೆದ್ದಲು, ತೇವಗಳೆಲ್ಲ ಕಣ್ಣಿಗೆ ಬೀಳುವುವು. ಹೀಗೆ ವರ್ಷಕ್ಕೊಮ್ಮೆ ಯಜಮಾನಿಯ ಕಣ್ಣು ಬಿದ್ದ ಗೋಡೆ ಬಹುಕಾಲ ಬಾಳುವುದು.